ಸೋಲುವುದಕ್ಕೆ ಇಬ್ಬರು ಬೇಕು

“ಅವತ್ತು ಎಷ್ಟು ಕಟ್ಟಿದ್ರೋ ಅಷ್ಟೇ ಕಟ್ಟಿ, ಹೊನ್ನಯ್ಯನವರೇ.”

ಸಬ್ ಇನ್‌ಸ್ಪೆಕ್ಟರ್ ಸಿದ್ದರಾಜು ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಬಿಲ್ಲೆಗಳನ್ನು ಎರಡು ಗುಡ್ಡೆ ಮಾಡಿ, ಸಣ್ಣದನ್ನು ಬೆಲ್ಲದ ಮಂಡಿಯ ಹೊನ್ನಯ್ಯನ ಮುಂದಕ್ಕೆ ತಳ್ಳಿದ. ದೊಡ್ಡದನ್ನು ಎದುರಿಗಿದ್ದ ಖಾಲಿ ಕುರ್ಚಿಯ ಮುಂದೆ ಇಟ್ಟ.

ಭಾನುವಾರ ಆ ಕುರ್ಚಿಯಲ್ಲಿ ಕೂತು ಆಡಿ ಎದ್ದುಹೋದ ಮಳವಳ್ಳಿಯ ಲೆಕ್ಕದ ಮೇಷ್ಟ್ರು ರಾಮಾನುಜ ಇನ್ನೂ ಮನೆ ಸೇರಿರಲಿಲ್ಲ. ಇವತ್ತು ಬುಧವಾರ.

ಬೆಳಗಿನ ಹನ್ನೊಂದು ಗಂಟೆ. ಮದ್ದೂರಿನ ಹೊಳೆದಂಡೆ ಕ್ಲಬ್ಬಿನ ಕಿಟಕಿಗಳೆಲ್ಲ ತೆರೆದಿದ್ದವು. ಹಾಲಿನಲ್ಲಿ ಇದ್ದವರು ನಾಲ್ಕೇ ಜನ. ಸಿದ್ದರಾಜು, ಹೊನ್ನಯ್ಯ, ಕ್ಲಬ್ಬಿನಲ್ಲಿ ಇಸ್ಪೀಟೆಲೆ ಹಂಚುವ ಕೆಲಸದ ಕರಿಯಪ್ಪ, ಮತ್ತು ಕ್ಲಬ್ಬಿನ ಕಾರ್ಯದರ್ಶಿ, ವಕೀಲ ಚಲುವನಾರಾಯಣ. ಹೊರಗೆ ವೆರಾಂಡದ ಬೆತ್ತದ ಕುರ್ಚಿಯಲ್ಲಿ ಮೇಷ್ಟ್ರ ಹೆಂಡತಿ ರಂಗನಾಯಕಿ ಒಬ್ಬರೇ ಕೂತಿದ್ದರು. ಗಂಡನ ಕೈಚೀಲದ ಗುರುತು ಹೇಳಲು ಮಳವಳ್ಳಿಯಿಂದ ಮೊದಲ ಬಸ್ಸಿಗೇ ಬಂದಿದ್ದರು. ಸೋಮವಾರ ಬೆಳಿಗ್ಗೆ ಆ ಚೀಲ ಶಿಂಷಾ ಹೊಳೆಯ ಮೆಟ್ಟಿಲ ಮೇಲೆ ಸಿಕ್ಕಿತ್ತು. ಚೀಲ ನೋಡಿ ಹೌದು ಅಂದವರು ಆಮೇಲೆ ಬಾಯಿ ಬಿಟ್ಟಿರಲಿಲ್ಲ. ಅತ್ತಿರಲೂ ಇಲ್ಲ. ಅದೂ ಸಿದ್ದರಾಜುವಿನ ಮನಸ್ಸಿನಲ್ಲಿ ಮುಳ್ಳಿನಂತೆ ಇತ್ತು.

ಹೊನ್ನಯ್ಯ ಗುಡ್ಡೆಯ ಮೇಲೆ ಕೈಯಿಟ್ಟ. ಎತ್ತಲಿಲ್ಲ.

“ಆಟ ಮುಗ್ದೋಯ್ತಲ್ಲ ಸಾ. ಈಗ್ಯಾಕೆ?”

“ಮುಗೀಲಿಲ್ಲ. ಕಟ್ಟಿ.”

ಹೊನ್ನಯ್ಯ ಹತ್ತರ ಒಂದೇ ಒಂದು ಕೆಂಪು ಬಿಲ್ಲೆ ತೆಗೆದು ಮುಂದಿಟ್ಟ. ಬೆಳಗಿನ ಗಾಳಿ ಆಡುತ್ತಿದ್ದರೂ ಅವನ ಕತ್ತಿನ ಪಟ್ಟಿ ನೆನೆದಿತ್ತು.

ಆಟ ಇಪ್ಪತ್ತೊಂದರದು. ಕೈಗೆ ಬಂದ ಎಲೆಗಳ ಮೊತ್ತ ಇಪ್ಪತ್ತೊಂದನ್ನು ದಾಟದೆ, ಹಂಚುವವನ ಮೊತ್ತಕ್ಕಿಂತ ಮೇಲಿದ್ದರೆ ಕಟ್ಟಿದಷ್ಟು ಬಿಲ್ಲೆ ಬರುತ್ತದೆ. ದಾಟಿದರೆ ಕಟ್ಟಿದ್ದು ಹೋಯಿತು. ಯುಗಾದಿಯಾದ ಮೇಲೆ ಕ್ಲಬ್ಬಿನಲ್ಲಿ ಪ್ರತಿ ವರ್ಷ ಇದರ ಪಂದ್ಯ. ದುಡ್ಡು ಕಟ್ಟುವಂತಿಲ್ಲ, ಎಲ್ಲರಿಗೂ ಮೊದಲಿಗೆ ಐನೂರು ಬಿಲ್ಲೆ ಕೊಡುತ್ತಾರೆ. ಒಂದು ಕೈಗೆ, ಅಂದರೆ ಒಂದು ಸಲದ ಹಂಚಿಕೆಗೆ, ಹತ್ತಕ್ಕೆ ಕಡಿಮೆಯಿಲ್ಲ, ಐನೂರಕ್ಕೆ ಹೆಚ್ಚಿಲ್ಲ. ಕೊನೆಯ ಕೈ ಮುಗಿದಾಗ ಯಾರ ಮುಂದೆ ಹೆಚ್ಚು ಬಿಲ್ಲೆ ಇದೆಯೋ ಬಹುಮಾನ ಅವರದು. ಹೋದ ವರ್ಷದ ತನಕ ಬಹುಮಾನ ಒಂದು ಬೆಳ್ಳಿ ಲೋಟ. ಈ ವರ್ಷ ಹೊಸ ಸ್ಕೂಟರು. ಹೆಸರು ಬರೆಸಿ ಏಳೆಂಟು ವರ್ಷ ಕಾಯುವವರ ಊರಿನಲ್ಲಿ ಅದು ಸಣ್ಣ ಮಾತಲ್ಲ.

ಭಾನುವಾರ ಮಧ್ಯಾಹ್ನ ಕೊನೆಯ ಕೈ ಬಾಕಿಯಿದ್ದಾಗ ಮೇಜಿನಲ್ಲಿ ಉಳಿದಿದ್ದವರು ಇಬ್ಬರು. ಮೇಷ್ಟ್ರ ಬಳಿ ಎಂಟುನೂರ ನಲವತ್ತು ಬಿಲ್ಲೆ, ಹೊನ್ನಯ್ಯನ ಬಳಿ ಏಳುನೂರ ಅರವತ್ತು. ಸರದಿಯಂತೆ ಹೊನ್ನಯ್ಯ ಮೊದಲು ಕಟ್ಟಬೇಕು, ಅದನ್ನು ನೋಡಿಕೊಂಡು ಮೇಷ್ಟ್ರು ಕಟ್ಟಬೇಕು. ಹೊನ್ನಯ್ಯ ಹತ್ತು ಕಟ್ಟಿದ. ಮೇಷ್ಟ್ರು ಐನೂರು ಕಟ್ಟಿದರು.

ಮೇಷ್ಟ್ರಿಗೆ ರಾಜ ಮತ್ತು ರಾಣಿ ಬಂದವು. ತಲಾ ಹತ್ತರಂತೆ ಇಪ್ಪತ್ತು. ಕರಿಯಪ್ಪನ ಮುಂದೆ ಬಿಚ್ಚಿದ್ದ ಎಲೆ ಆರು. ಯಾರಾದರೂ ಅಲ್ಲಿಗೆ ಕೈ ಕಟ್ಟಿ ಕೂರುತ್ತಾರೆ. ಮೇಷ್ಟ್ರು ಇನ್ನೊಂದು ಎಲೆ ಕೇಳಿದರು. ಕಳಾವರ್ ಏಳು ಬಿತ್ತು. ಸುತ್ತ ನಿಂತಿದ್ದ ನೂರು ಜನ ಗೊಳ್ಳೆಂದು ನಕ್ಕರು. ಆಮೇಲೆ ಕರಿಯಪ್ಪ ತನ್ನ ಎಲೆ ಬಿಚ್ಚಿದಾಗ ಅವನ ಮೊತ್ತವೂ ಇಪ್ಪತ್ತೊಂದನ್ನು ದಾಟಿತ್ತು. ಸುಮ್ಮನೆ ಕೂತಿದ್ದರೂ ಮೇಷ್ಟ್ರು ಗೆಲ್ಲುತ್ತಿದ್ದರು.

ಅವರು ಎದ್ದು ಹೊನ್ನಯ್ಯನಿಗೆ ನಮಸ್ಕಾರ ಮಾಡಿ ಬಸ್ ನಿಲ್ದಾಣದ ಕಡೆ ನಡೆದರು. ಅಲ್ಲಿಂದ ಮುಂದೆ ಅವರನ್ನು ಕಂಡವರಿಲ್ಲ. ಅವಮಾನ ತಾಳದೆ ಹೊಳೆಗೆ ಬಿದ್ದರು ಎಂದು ಊರು ತೀರ್ಮಾನ ಮಾಡಿತ್ತು. ಮೀನು ಹಿಡಿಯುವವರು ಎರಡು ದಿನ ಬಲೆ ಎಳೆದರೂ ಹೆಣ ಸಿಕ್ಕಿರಲಿಲ್ಲ.

“ಊರೆಲ್ಲ ಮೇಷ್ಟ್ರ ಐನೂರರ ಮಾತಾಡ್ತದೆ,” ಎಂದ ಸಿದ್ದರಾಜು. “ನಿಮ್ಮ ಹತ್ತರ ಮಾತು ಯಾರೂ ಎತ್ತಲಿಲ್ಲ.”

ಬಂಡೂರಿನಲ್ಲಿ ಕುರಿ ಸಾಕುವ ಮನೆಯಲ್ಲಿ ಹುಟ್ಟಿದ ಸಿದ್ದರಾಜುವಿಗೆ ಎಲೆ ಹಿಡಿದು ಅಭ್ಯಾಸವಿರಲಿಲ್ಲ. ಮೇಷ್ಟ್ರ ಮನೆಯಲ್ಲಿ ಸಿಕ್ಕಿದ್ದ ನಲವತ್ತು ಪುಟದ ಒಂದು ನೋಟ್‌ಬುಕ್ಕನ್ನು ಎರಡು ದಿನ ಓದಿ ಅವನು ಈ ಆಟ ಕಲಿತಿದ್ದ. ಮೇಷ್ಟ್ರು ಅದರಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೀ ಕೊನೆಯ ಕೈಗಳ ಲೆಕ್ಕ ಹಾಕಿದ್ದರು. ಮುಂದಿರುವವನು ಎರಡನೆಯವನಾಗಿ ಕಟ್ಟುವುದಾದರೆ ಹಿಂದಿರುವವನು ಎಷ್ಟು ಕಟ್ಟಿದನೋ ಅಷ್ಟೇ ಕಟ್ಟಬೇಕು, ಆಗ ಗೆದ್ದರೂ ಸೋತರೂ ಅಂತರ ಸುಲಭವಾಗಿ ಮುರಿಯುವುದಿಲ್ಲ. ಹಿಂದಿರುವವನು ಧೈರ್ಯ ಮಾಡಿ ದೊಡ್ಡದು ಕಟ್ಟಬೇಕು, ಅವನಿಗೆ ಬೇರೆ ದಾರಿಯಿಲ್ಲ. ಹೀಗೆ ಪುಟದ ಮೇಲೆ ಪುಟ.

“ನೀವು ಎಂಬತ್ತು ಬಿಲ್ಲೆ ಹಿಂದಿದ್ರಿ,” ಎಂದು ಸಿದ್ದರಾಜು ಬಿಲ್ಲೆಗಳನ್ನು ಸರಿಸುತ್ತಾ ಹೇಳಿದ. “ಹತ್ತು ಕಟ್ಟಿ ಗೆದ್ರೆ ಏಳುನೂರ ಎಪ್ಪತ್ತು. ಮೇಷ್ಟ್ರೂ ಹತ್ತೇ ಕಟ್ಟಿ ಸೋತ್ರೂ ಅವರತ್ರ ಎಂಟುನೂರ ಮೂವತ್ತು ಉಳೀತದೆ. ಅಂದ್ರೆ ಈ ಕೆಂಪು ಬಿಲ್ಲೆ ಇಟ್ಟ ಗಳಿಗೇಲೇ ನೀವು ಸ್ಕೂಟರು ಬಿಟ್ಟುಕೊಟ್ಟಂಗೆ.”

“ಗೆಲ್ಲಾಕಿಲ್ಲ ಅನ್ನುಸ್ತು. ಸುಮ್ಕೆ ಕಟ್ಟಿದೆ.”

“ಶನಿವಾರದ ಸುತ್ತಿನಲ್ಲಿ ನೂರು ಬಿಲ್ಲೆ ಹಿಂದಿದ್ದಾಗ ಐನೂರೂ ಕಟ್ಟಿ ಗೆದ್ರಂತಲ್ಲ. ಒಂದೇ ದಿನಕ್ಕೆ ಧೈರ್ಯ ಎಲ್ಲೋಯ್ತು?”

ಗೋಡೆಗೆ ಒರಗಿ ನಿಂತಿದ್ದ ಚಲುವನಾರಾಯಣ ಕೆಮ್ಮಿದ. ಅದೃಷ್ಟದ ಆಟದಲ್ಲಿ ಇಷ್ಟು ಅರ್ಥ ಹುಡುಕುವುದು ಸರಿಯಲ್ಲ ಎಂದೂ, ಕ್ಲಬ್ಬಿನ ಹೆಸರು ಸುಮ್ಮನೆ ಕೆಡುತ್ತಿದೆ ಎಂದೂ ನಯವಾಗಿ ಹೇಳಿದ. ಸಿದ್ದರಾಜು ಅವನ ಕಡೆ ತಿರುಗಿ, ಬೆಳ್ಳಿ ಲೋಟದ ಜಾಗಕ್ಕೆ ಸ್ಕೂಟರು ತಂದುಕೊಟ್ಟ ಮಹಾನುಭಾವರು ಯಾರು ಎಂದು ಕೇಳಿದ. ವಕೀಲನ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ಬಾಗಿಲ ಕಡೆ ಹೋಗಿಬಂತು. ಹಿತೈಷಿಗಳೊಬ್ಬರು, ಹೆಸರು ಹೊರಗೆ ಬರಬಾರದೆಂದು ಕಾಗದದಲ್ಲೇ ಬರೆದಿದ್ದಾರೆ ಎಂದ. ಹಾಗಾದರೆ ಆ ಕಾಗದವನ್ನೇ ತನ್ನಿ ಎಂದು ಸಿದ್ದರಾಜು ಅವನನ್ನು ಆಫೀಸಿನ ಕೋಣೆಗೆ ಕಳಿಸಿದ.

ವಕೀಲನ ಹೆಜ್ಜೆ ಸದ್ದು ದೂರವಾದ ಮೇಲೆ ಅವನು ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು ಹೊನ್ನಯ್ಯನ ಮುಂದೆ ಇಟ್ಟ. ಮೇಲೆ ಶನಿವಾರದ ತಾರೀಖು ಇತ್ತು. ಬೇರೆ ಪುಟಗಳ ಅಕ್ಷರಕ್ಕಿಂತ ಇಲ್ಲಿನ ಅಕ್ಷರ ಒರಟಾಗಿತ್ತು.

“ಖಂಡಿತವಾಗಿ ಸೋಲಬೇಕಾದರೆ?” ಎಂದು ಬರೆದು ಕೆಳಗೆ ಗೆರೆ ಎಳೆದಿತ್ತು. ಅದರ ಕೆಳಗೆ, ನಾನು ದೊಡ್ಡದು ಕಟ್ಟಿ ಕಳೆದುಕೊಂಡರೂ ಎದುರಿನವನೂ ದೊಡ್ಡದು ಕಟ್ಟಿ ಕಳೆದುಕೊಂಡರೆ ಗೆಲುವು ನನಗೇ ಬಂದುಬಿಡುತ್ತದೆ, ಅವನು ಕಡಿಮೆ ಕಟ್ಟಬೇಕು ಎಂದಿತ್ತು. ಕೊನೆಯ ಸಾಲು ಇಷ್ಟೇ: “ಒಬ್ಬನಿಂದ ಆಗುವ ಕೆಲಸವಲ್ಲ.”

“ಸೋಲೋದಕ್ಕೂ ಇಬ್ಬರು ಬೇಕು, ಹೊನ್ನಯ್ಯನವರೇ. ಎರಡನೆಯವರು ನೀವು. ಅವರು ಐನೂರು ಕಟ್ಟಿ ಕಳ್ಕೋತಾರೆ ಅಂತ ನಿಮಗೆ ಮೊದಲೇ ಗೊತ್ತಿತ್ತು. ಅವರನ್ನ ಹೆದರಿಸಿ ಸೋಲಿಸಿದ್ರಾ? ಆಮೇಲೆ ಬಾಯಿ ಬಿಟ್ಟಾರು ಅಂತ ಹೊಳೆಗೆ ತಳ್ಳಿದ್ರಾ?”

ಹೊನ್ನಯ್ಯ ಓದು ಬಾರದವನಂತೆ ಆ ಪುಟವನ್ನೇ ಬಹಳ ಹೊತ್ತು ನೋಡಿದ. ಐವತ್ತು ದಾಟಿದ ದೊಡ್ಡ ಆಳು. ಮಂಡಿಯಲ್ಲಿ ಅವನ ಒಂದು ಕೂಗಿಗೆ ಗಾಡಿಗಳು ಸಾಲಾಗಿ ನಿಲ್ಲುತ್ತಿದ್ದವು. ಈಗ ಅವನು ನೋಟ್‌ಬುಕ್ಕನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದ.

“ಆ ಸ್ಕೂಟರ್ನ ನಾನು ಮುಟ್ಟಿಲ್ಲ ಸಾ. ಓಗ್ ನೋಡಿ, ಅಲ್ಲೇ ಪೋರ್ಟಿಕೋದಲ್ಲೇ ನಿಂತದೆ. ಮೇಷ್ಟ್ರು ಅದು ಬಹುಮಾನ ಅಲ್ಲ, ಲಂಚ ಅಂದ್ರು. ಲಂಚದ ವಸ್ತು ನಂಗ್ಯಾಕೆ?”

ಅವನು ಕರಿಯಪ್ಪನ ಕಡೆ ಓರೆಗಣ್ಣು ಹಾಯಿಸಿದ. ಸಿದ್ದರಾಜು ಕರಿಯಪ್ಪನನ್ನು ಹಾಲಿನ ಆ ತುದಿಗೆ ಹೋಗಿ ನಿಲ್ಲಲು ಹೇಳಿದ. ಹೊನ್ನಯ್ಯ ಮೇಜಿನ ಮೇಲೆ ಬಾಗಿ, ದನಿ ತಗ್ಗಿಸಿ ಹೇಳತೊಡಗಿದ.

ಕೊನೆಯ ಕೈಗೆ ಮುಂಚೆ ಕಾಫಿಗೆಂದು ಆಟ ನಿಲ್ಲಿಸಿದ್ದರು. ಹೊನ್ನಯ್ಯ ಹಿತ್ತಲ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಮೇಷ್ಟ್ರು ಬಂದು ಪಕ್ಕದಲ್ಲಿ ನಿಂತರು. ಕೊನೆಯ ಕೈಗೆ ಹತ್ತೇ ಕಟ್ಟಿ, ನಾನು ಸೋಲಬೇಕು ಎಂದರು. ತಮಾಷೆ ಎಂದುಕೊಂಡು ಹೊನ್ನಯ್ಯ ನಕ್ಕ. ಮೇಷ್ಟ್ರು ನಗಲಿಲ್ಲ. ಶನಿವಾರದಿಂದ ತಮಗೆ ಬರುತ್ತಿರುವ ಎಲೆಗಳು ಅದೃಷ್ಟದಿಂದ ಬರುತ್ತಿರುವುದಲ್ಲ, ಯಾರೋ ಕೊಡಿಸುತ್ತಿದ್ದಾರೆ ಎಂದರು. ಅಷ್ಟು ಹೊತ್ತು ತಾವು ಹೇಗೆ ಆಡಿದರೂ ಎಕ್ಕ, ರಾಜಗಳೇ ಬರುತ್ತಿವೆ, ಲೆಕ್ಕಕ್ಕೆ ಅದು ಒಗ್ಗುವುದಿಲ್ಲ ಎಂದರು.

ಕಾರಣವನ್ನೂ ಹೇಳಿದರು. ನಾಲ್ಕು ತಿಂಗಳ ಹಿಂದೆ ಕಿರುಗಾವಲಿನ ರಸ್ತೆಯಲ್ಲಿ ಬೆಳ್ಳಮ್ಮ ಎಂಬಾಕೆಗೆ ಕಾರೊಂದು ಗುದ್ದಿ ನಿಲ್ಲದೆ ಹೋಗಿತ್ತು. ಆಕೆ ಅಲ್ಲೇ ಸತ್ತಳು. ಮರುದಿನ ಒಬ್ಬ ಡ್ರೈವರು ತಾನೇ ಓಡಿಸಿದ್ದೆಂದು ಬಂದು ಒಪ್ಪಿಕೊಂಡ. ಆ ಹೊತ್ತಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ರಾಮಾನುಜ ಮೇಷ್ಟ್ರು ಮಾತ್ರ, ಸ್ಟೇರಿಂಗ್ ಹಿಡಿದಿದ್ದವನು ಈ ಡ್ರೈವರಲ್ಲ, ಬೇರೆಯವನು, ಕಂಡರೆ ಗುರುತು ಹಿಡಿಯುತ್ತೇನೆ ಎಂದು ಹೇಳಿಕೆ ಕೊಟ್ಟಿದ್ದರು. ಈ ಶುಕ್ರವಾರ ಮಂಡ್ಯದ ಕೋರ್ಟಿನಲ್ಲಿ ಅವರ ಸಾಕ್ಷಿ ಇತ್ತು. ಆ ಕೇಸಿನ ಸುದ್ದಿ ಸಿದ್ದರಾಜುವಿಗೂ ತಿಳಿದಿತ್ತು. ಸ್ಕೂಟರಿಗೂ ಅದಕ್ಕೂ ಗಂಟು ಹಾಕುವುದು ಮಾತ್ರ ಹೊಳೆದಿರಲಿಲ್ಲ.

“ಆಟಕ್ಕೇ ಬರದೆ ಇರಬಹುದಿತ್ತಲ್ಲ?” ಎಂದು ಕೇಳಿದ.

“ನಾನೂ ಅದನ್ನೇ ಕೇಳ್ದೆ ಸಾ. ಅದಕ್ಕವರು, ‘ಕೊಟ್ಟೋನು ಯಾರು ಅಂತ ಗೊತ್ತಿದ್ರೆ ಬ್ಯಾಡ ಅಂತ ಅವನ ಮುಖಕ್ಕೇ ಯೋಳ್ಬೋದು. ಕೊಟ್ಟೋನೇ ಕಾಣ್ದಿದ್ರೆ ಯಾರಿಗೆ ಯೋಳಾದು ಹೊನ್ನಯ್ಯ? ನೂರು ಜನದ ಮುಂದೆ ಸೋಲ್ತೀನಿ. ಎಲ್ಲಿದ್ರೂ ಅವನಿಗೆ ತಿಳೀತದೆ’ ಅಂದ್ರು.”

ಹೊನ್ನಯ್ಯ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡ. ಆ ಜನ ನಕ್ಕರಲ್ಲ, ಅದು ತನ್ನನ್ನು ಚುಚ್ಚಿತು ಎಂದ. ಗೆದ್ದವನೆಂದು ತನ್ನ ಕೊರಳಿಗೆ ಹಾರ ಹಾಕಿದಾಗ ಎಲ್ಲಾದರೂ ಮುಖ ಮುಚ್ಚಿಕೊಂಡು ಹೋಗೋಣ ಎನ್ನಿಸಿತಂತೆ.

“ಆಮೇಲೆ?”

ಹೊನ್ನಯ್ಯ ಬೆರಳಲ್ಲಿದ್ದ ಹಸಿರು ಕಲ್ಲಿನ ಉಂಗುರವನ್ನು ತಿರುಗಿಸುತ್ತಾ ಕೂತ. ಸಿದ್ದರಾಜು ಕೇಳಿದ್ದನ್ನು ತೂಗಿ ನೋಡಿದ. ಈ ಮನುಷ್ಯ ಹೇಳಿದ್ದು ನಿಜವೇ ಇರಬಹುದು, ಇಲ್ಲವೇ ಮೂರು ದಿನ ಕೂತು ಹೆಣೆದ ಕಥೆಯೂ ಇರಬಹುದು. ಸತ್ತವನ ಬಾಯಲ್ಲಿ ಯಾವ ಒಳ್ಳೆಯ ಮಾತನ್ನಾದರೂ ಹಾಕಬಹುದು.

“ಮೇಷ್ಟ್ರು ಹೊಳೆಗೆ ಬಿದ್ದಿಲ್ಲ ಸಾ,” ಎಂದ ಹೊನ್ನಯ್ಯ ಕೊನೆಗೆ, ತುಟಿ ಅಲುಗದಷ್ಟು ಮೆಲ್ಲಗೆ. “ನನ್ ತಾವ ಅವ್ರೆ.”

ಆಟ ಮುಗಿದ ಮೇಲೆ ಹೊನ್ನಯ್ಯ ಮಂಡಿಗೆ ಹೋಗುವ ದಾರಿಯಲ್ಲಿ ಮೇಷ್ಟ್ರನ್ನು ಮತ್ತೆ ಕಂಡಿದ್ದ. ಬಸ್ ನಿಲ್ದಾಣದಲ್ಲಿ ಗುರುತಿಲ್ಲದ ಇಬ್ಬರು ಅವರ ಹಿಂದೆ ಹಿಂದೆಯೇ ಸರಿದಾಡುತ್ತಿದ್ದರು. ಮಳವಳ್ಳಿ ಬಸ್ಸು ಬಂದರೂ ಮೇಷ್ಟ್ರು ಹತ್ತಲಿಲ್ಲ. ಹೊನ್ನಯ್ಯ ಏನೂ ಕೇಳದೆ ಅವರನ್ನು ಬೆಲ್ಲದ ವ್ಯಾನಿಗೆ ಹತ್ತಿಸಿಕೊಂಡು ಆತಗೂರಿಗೆ ಕರೆದೊಯ್ದ. ಅಲ್ಲಿ ಊರಾಚೆ ಅವನದೊಂದು ಆಲೆಮನೆ ಇತ್ತು. ಕಬ್ಬು ಮುಗಿದಿದ್ದರಿಂದ ಗಾಣ ನಿಂತಿತ್ತು, ಯಾರೂ ಅತ್ತ ಸುಳಿಯುತ್ತಿರಲಿಲ್ಲ. ಶುಕ್ರವಾರ ನೇರವಾಗಿ ಕೋರ್ಟಿಗೆ ಕರೆದುಕೊಂಡು ಹೋಗುವುದೆಂದು ಇಬ್ಬರೂ ಮಾತಾಡಿಕೊಂಡರು. ಹುಡುಕುವವರು ಹುಡುಕುವುದನ್ನು ನಿಲ್ಲಿಸಲಿ ಎಂದು ಕೈಚೀಲವನ್ನು ಹೊಳೆಯ ಮೆಟ್ಟಿಲ ಮೇಲೆ ಇಟ್ಟು ಬಂದವನೂ ಹೊನ್ನಯ್ಯನೇ. ಮನೆಗೆ ಹೇಳಿ ಕಳಿಸುತ್ತೇನೆಂದರೆ ಮೇಷ್ಟ್ರು ಬೇಡವೆಂದರು, ಮನೆಯ ಮೇಲೂ ಕಣ್ಣಿಟ್ಟಿರುತ್ತಾರೆ ಎಂದರು.

“ಠಾಣೆಗೆ ಬರಬೇಕಿತ್ತು,” ಎಂದ ಸಿದ್ದರಾಜು. ಅವನ ದನಿ ಬಿಗಿದಿತ್ತು.

“ಪೊಲೀಸರಿಗೆ ಮಾತ್ರ ಯೋಳ್ಬೇಡಿ ಅಂದ್ರು ಸಾ. ಯಾಕೆ ಅಂತ ಯೋಳ್ನಿಲ್ಲ.”

ಆ ಮಾತು ಸಿದ್ದರಾಜುವಿಗೆ ನಾಟಿತು. ಹೆದರಿದ ಮನುಷ್ಯ ಯಾರನ್ನೂ ನಂಬುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಎದೆಯ ಮೇಲಿನ ಭಾರ ಮಾತ್ರ ಇಳಿದಂತಾಯಿತು. ಮೂರು ದಿನದಿಂದ ಹೆಣವನ್ನು ಹುಡುಕುತ್ತಿದ್ದವನಿಗೆ ಜೀವಂತ ಮನುಷ್ಯ ಸಿಕ್ಕಿದ್ದ.

ಅಷ್ಟರಲ್ಲಿ ಬಾಗಿಲಲ್ಲಿ ಬೂಟಿನ ಸದ್ದಾಯಿತು. ಹೆಡ್ ಕಾನ್‌ಸ್ಟೇಬಲ್ ನಿಂಗಯ್ಯ ಸೆಲ್ಯೂಟ್ ಹೊಡೆದು ನಿಂತ. ಕೆಟ್ಟು ನಿಂತಿದ್ದ ಜೀಪು ರಿಪೇರಿಯಾಗಿದೆ, ಹೊರಗೆ ತಂದು ನಿಲ್ಲಿಸಿದ್ದೇನೆ, 'ಹೊಳೇಲಿ ಬಲೆ ಎಳೆಯೋರು ಇವತ್ತಿಗೂ ಬೇಕಾ' ಎಂದು ಗಟ್ಟಿಯಾಗಿ ವರದಿ ಒಪ್ಪಿಸಿದ. ಮಳವಳ್ಳಿ ಕಡೆಯಿಂದ ವರ್ಗವಾಗಿ ಬಂದು ಅವನಿಗೆ ಎರಡೇ ತಿಂಗಳಾಗಿತ್ತು. ಹೇಳಿದ ಕೆಲಸಕ್ಕೆ ಎದುರಾಡದವನು.

ಸಿದ್ದರಾಜು ಅವನನ್ನು ಹತ್ತಿರ ಕರೆದ. ತಾನೇ ಆತಗೂರಿಗೆ ಹೋಗಬೇಕೆಂದು ಮೊದಲು ಎನ್ನಿಸಿತ್ತು. ಆದರೆ ಎಲೆ ಹಂಚಿದ ಕರಿಯಪ್ಪ ಇನ್ನೂ ಹಾಲಿನಲ್ಲಿದ್ದ, ಕಾಗದ ತರಲು ಹೋದ ವಕೀಲ ಇನ್ನೂ ಬಂದಿರಲಿಲ್ಲ. ಇವರಿಬ್ಬರನ್ನೂ ಬಿಟ್ಟು ಹೋದರೆ ಹಿಂದಿರುಗುವಷ್ಟರಲ್ಲಿ ಏನು ಉಳಿದಿರುತ್ತದೋ. ಅವನು ನಿಂಗಯ್ಯನ ಕಿವಿಯಲ್ಲಿ ಆಲೆಮನೆಯ ವಿಷಯ ಹೇಳಿ, ಮೇಷ್ಟ್ರನ್ನು ಯಾರ ಕಣ್ಣಿಗೂ ಬೀಳದಂತೆ ಕರೆತರಲು ಆಜ್ಞೆ ಮಾಡಿದ.

ಹೊನ್ನಯ್ಯ ಹಿಂದೆಮುಂದೆ ನೋಡಿದ. ಬೇರೆ ಯಾರೇ ಬಂದರೂ ಒಳಗಿನಿಂದ ಅಗುಳಿ ತೆಗೆಯಬೇಡಿ, ನನ್ನ ಉಂಗುರ ತೋರಿಸಿದವರಿಗೆ ಮಾತ್ರ ತೆಗೆಯಿರಿ ಎಂದು ಅವನು ಮೇಷ್ಟ್ರಿಗೆ ಹೇಳಿ ಬಂದಿದ್ದನಂತೆ. ಸಿದ್ದರಾಜು ಕೈ ಚಾಚಿದ. ಹೊನ್ನಯ್ಯ ಉಂಗುರ ಕಳಚಿ ಕೊಟ್ಟ. ಅದು ನಿಂಗಯ್ಯನ ಅಂಗಿಯ ಜೇಬು ಸೇರಿತು. ಸ್ವಲ್ಪ ಹೊತ್ತಿಗೆ ಹೊರಗೆ ಜೀಪು ಹೊರಟ ಸದ್ದು ಕೇಳಿಸಿತು.

ಈಗ ಕರಿಯಪ್ಪ.

ಅವನು ಮೇಜಿನ ಹತ್ತಿರ ಬಂದು ಕೈಕಟ್ಟಿ ನಿಂತ. ಒಣಕಲು ಆಳು, ಬೆರಳುಗಳು ಮಾತ್ರ ಉದ್ದ, ನುಣುಪು. ಇಪ್ಪತ್ತು ವರ್ಷದಿಂದ ಈ ಕ್ಲಬ್ಬಿನಲ್ಲಿ ಎಲೆ ಕಲಸಿ ಪಳಗಿದ ಬೆರಳು. ಸಿದ್ದರಾಜು ಅವನನ್ನು ಕೂರಲು ಹೇಳಲಿಲ್ಲ.

“ಮೇಷ್ಟ್ರು ಇಪ್ಪತ್ತರ ಮೇಲೆ ಇನ್ನೊಂದು ಎಲೆ ಕೇಳಿದಾಗ ನೀನು ಏನಂದೆ?”

ಕರಿಯಪ್ಪ ನೆಲ ನೋಡಿದ. ಏನೂ ಅನ್ನಲಿಲ್ಲ ಎಂದ. ಪಕ್ಕದಲ್ಲಿದ್ದವರು ಕೇಳಿಸಿಕೊಂಡಿದ್ದಾರೆ ಎಂದು ಸಿದ್ದರಾಜು ಹೇಳಿದ. ಹೊನ್ನಯ್ಯ ತಲೆಯಾಡಿಸಿ ಒಪ್ಪಿದ.

“ಬ್ಯಾಡಿ ಮೇಷ್ಟ್ರೇ, ಅಂದೆ ಬುದ್ದಿ.”

“ಹಂಚುವವನು ಆಡುವವನಿಗೆ ಬುದ್ಧಿ ಹೇಳ್ತಾನಾ? ಅವರು ಸೋತ್ರೆ ನಿನಗೇನು ನಷ್ಟ?”

ಕರಿಯಪ್ಪ ಬಹಳ ಹೊತ್ತು ತಡೆದುಕೊಳ್ಳಲಿಲ್ಲ. ಮೇಷ್ಟ್ರು ಗೆಲ್ಲುವ ಹಾಗೆ ಎಲೆ ಜೋಡಿಸಲು ತನಗೆ ಹೇಳಿದ್ದು ನಿಜ ಎಂದ. ಮಾಡದಿದ್ದರೆ ಹಳೆಯ ಒಂದು ಕಳ್ಳತನದ ಕೇಸಿನಲ್ಲಿ ಮಗನ ಹೆಸರು ಸೇರಿಸುತ್ತೇವೆ ಎಂದಿದ್ದರಂತೆ. ಸ್ಕೂಟರು ಮೇಷ್ಟ್ರಿಗೆ ಸೇರಿದರೆ ಯಾರಿಗೂ ಕೆಡುಕಿಲ್ಲವಲ್ಲ, ಒಳ್ಳೆಯ ಮನುಷ್ಯನಿಗೆ ಒಳ್ಳೆಯದೇ ಆಗುತ್ತದಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ.

“ಹೇಳಿದ್ದು ಯಾರು?”

ಕರಿಯಪ್ಪ ತಲೆಯೆತ್ತಿ ಬಾಗಿಲ ಕಡೆ ನೋಡಿದ. ಅದೇ ಹೊತ್ತಿಗೆ ಚಲುವನಾರಾಯಣ ಆಫೀಸಿನ ಕೋಣೆಯಿಂದ ಬಂದು ಹೊಸ್ತಿಲಲ್ಲಿ ನಿಂತ. ಅವನ ಕೈ ಖಾಲಿಯಿತ್ತು. ಆ ಕಾಗದ ಫೈಲಿನಲ್ಲಿ ಕಾಣುತ್ತಿಲ್ಲ, ಬಹುಶಃ ಮನೆಯಲ್ಲಿರಬೇಕು ಎಂದ.

ಸಿದ್ದರಾಜು ಇಬ್ಬರ ಮುಖವನ್ನೂ ನೋಡಿದ. ವಕೀಲನನ್ನು ಹಾಲಿನ ಆ ತುದಿಗೆ ಕಳಿಸಿ ಮತ್ತೆ ಅದೇ ಪ್ರಶ್ನೆ ಕೇಳಿದ. ಕರಿಯಪ್ಪ ತಲೆಯಾಡಿಸಿಬಿಟ್ಟ.

“ಯೋಳಾಕಾಗಕಿಲ್ಲ ಬುದ್ದಿ. ಯೋಳುದ್ರೆ ನನ್ ಮಗನ್ನ ನಿಮ್ ಕೈಲಿ ಕಾಪಾಡಕಾಗಕಿಲ್ಲ. ನಿಮ್ ಕೈಲಂತೂ ಆಗಕಿಲ್ಲ.”

ಎಷ್ಟು ಗದರಿಸಿದರೂ ಅಷ್ಟಕ್ಕಿಂತ ಮುಂದೆ ಅವನು ಹೋಗಲಿಲ್ಲ. ಅವನನ್ನು ಹಾಗೇ ಬಿಟ್ಟು ಸಿದ್ದರಾಜು ಟೋಪಿ ಎತ್ತಿಕೊಂಡು ವೆರಾಂಡಕ್ಕೆ ಬಂದ. ವಕೀಲನ ಮನೆ ಶೋಧಿಸಬೇಕು ಎಂದು ಮನಸ್ಸಿನಲ್ಲೇ ಗುರುತು ಮಾಡಿಕೊಂಡ. ಅದಕ್ಕೆ ಮುಂಚೆ ಒಂದು ಕೆಲಸವಿತ್ತು. ಮೂರು ದಿನದಿಂದ ಗಂಡ ಸತ್ತನೆಂದು ಊರು ಹೇಳುವುದನ್ನು ಕೇಳುತ್ತಿದ್ದ ಹೆಂಗಸಿಗೆ ಒಂದು ಮಾತು ಹೇಳಬೇಕಿತ್ತು.

ರಂಗನಾಯಕಿ ಬೆತ್ತದ ಕುರ್ಚಿಯಲ್ಲಿ ಇರಲಿಲ್ಲ. ಹಾಲಿನ ಕಿಟಕಿಯ ಪಕ್ಕ, ಗೋಡೆಗೆ ಅಂಗೈ ಊರಿ ನಿಂತಿದ್ದರು. ಕಿಟಕಿಯಿಂದ ಒಳಗಿನ ಮಾತು ಕೇಳಿಸಿರಬಹುದೇ ಎಂದು ಸಿದ್ದರಾಜು ಯೋಚಿಸಿದ. ಹೊನ್ನಯ್ಯ ಆಡಿದ್ದು ಪಿಸುಮಾತು. ಅದು ಇಲ್ಲಿಯ ತನಕ ಬರುವಂತಿರಲಿಲ್ಲ.

“ಅಮ್ಮ, ಕೂತ್ಕೊಳ್ಳಿ. ನಿಮಗೊಂದು ಸಮಾಚಾರ...”

“ಮೊದಲು ನಾನು ಹೇಳಬೇಕು, ಇನ್‌ಸ್ಪೆಕ್ಟರೇ. ಇಷ್ಟು ದಿನ ಮುಚ್ಚಿಟ್ಟಿದ್ದೆ. ಪೊಲೀಸರಿಗೆ ಹೇಳಿದರೆ ಅವರ ಹೆಣ ನೋಡ್ತೀಯ ಅಂದಿದ್ದ.”

“ಯಾರು?”

ಶನಿವಾರ ಮಧ್ಯಾಹ್ನ ಒಬ್ಬ ಮನೆಗೆ ಬಂದಿದ್ದ ಎಂದು ಅವರು ಹೇಳಿದರು. ಮೇಷ್ಟ್ರು ಪಂದ್ಯದ ಸುತ್ತಿಗೆಂದು ಮದ್ದೂರಿಗೆ ಬಂದಿದ್ದರು. ರಂಗನಾಯಕಿ ಮಡಿಯಲ್ಲಿದ್ದುದರಿಂದ ಹೊರಗೆ ಬಾರದೆ ನಡುಮನೆಯ ಬಾಗಿಲ ಮರೆಯಲ್ಲೇ ನಿಂತು ಯಾರು ಎಂದು ಕೇಳಿದರು. ಬಂದವನು ಹೆಸರು ಹೇಳಲಿಲ್ಲ. ನಾಳೆ ನಿಮ್ಮ ಯಜಮಾನರಿಗೆ ಸ್ಕೂಟರು ಬರುತ್ತದೆ, ಸುಮ್ಮನೆ ತೆಗೆದುಕೊಳ್ಳಲಿ, ಶುಕ್ರವಾರ ಕೋರ್ಟಿನಲ್ಲಿ ಅವತ್ತು ಕನ್ನಡಕ ಹಾಕಿರಲಿಲ್ಲ ಎಂದು ಹೇಳಿದರೆ ಸಾಕು ಎಂದ. ಮೇಷ್ಟ್ರು ಪೊಲೀಸರಿಗೆ ಕೊಟ್ಟಿದ್ದ ಹೇಳಿಕೆಯ ಸಾಲುಗಳನ್ನು ಓದಿದವನಂತೆ ಒಂದೊಂದಾಗಿ ಒಪ್ಪಿಸಿದ. ಸಂಜೆ ಗಂಡ ಬಂದಾಗ ರಂಗನಾಯಕಿ ಎಲ್ಲವನ್ನೂ ಹೇಳಿದರು. ಮೇಷ್ಟ್ರು ಊಟ ಮಾಡಲಿಲ್ಲ. ನೋಟ್‌ಬುಕ್ ಹಿಡಿದು ಕೂತುಬಿಟ್ಟರು.

“ಆ ಸಾಲುಗಳು ನನಗೂ ಅವರಿಗೂ, ಬರೆಸಿಕೊಂಡ ಪೊಲೀಸರಿಗೂ ಬಿಟ್ಟರೆ ಯಾರಿಗೆ ಗೊತ್ತು? ಅದನ್ನೇ ಅವರು ಅವತ್ತು ಮತ್ತೆ ಮತ್ತೆ ಕೇಳಿದರು.”

ಸಿದ್ದರಾಜು ತಲೆಗೆ ಏರಿಸುತ್ತಿದ್ದ ಟೋಪಿ ಅಲ್ಲೇ ನಿಂತಿತು.

“ಮುಖ ನೋಡಲಿಲ್ಲ ಅಂದಿರಿ.”

“ಮುಖ ನೋಡಲಿಲ್ಲ. ದನಿ ಕೇಳಿದೆ. ಸಾಯೋತನಕ ಮರೆಯೋ ದನಿಯಲ್ಲ ಅದು.” ಅವರು ಕಿಟಕಿಯ ಸರಳನ್ನು ಹಿಡಿದುಕೊಂಡರು. “ಈಗ ಕೇಳಿದೆ. ಈ ಕಿಟಕಿಯಲ್ಲಿ.”

ಒಳಗೆ ವಕೀಲ ಏನನ್ನೋ ಗೊಣಗುತ್ತಿದ್ದ. ಸಿದ್ದರಾಜು ಅತ್ತ ಬೆರಳು ಮಾಡಿ ತೋರಿಸಿದ. ರಂಗನಾಯಕಿ ಇಲ್ಲವೆಂದು ತಲೆಯಾಡಿಸಿದರು. ಹೊನ್ನಯ್ಯನದೂ ಅಲ್ಲ, ಎಲೆ ಹಂಚುವವನದೂ ಅಲ್ಲ ಎಂದರು.

“ಬೂಟು ಹಾಕ್ಕೊಂಡು ಬಂದು ಜೀಪು, ಬಲೆ ಅಂತ ಗಟ್ಟಿಯಾಗಿ ಮಾತಾಡಿದರಲ್ಲ, ಅವರು. ನನ್ನ ಮುಂದೆಯೇ ಮೆಟ್ಟಿಲಿಳಿದು ಹೋದರು. ನಾನು ಯಾರು ಅಂತ ಅವರಿಗೆ ಗೊತ್ತಾಗಲಿಲ್ಲ.”

ಸಿದ್ದರಾಜು ಕಿಟಕಿಯೊಳಗಿಂದ ಹಾಲಿನ ಗೋಡೆಯ ಗಡಿಯಾರ ನೋಡಿದ. ಆತಗೂರಿಗೆ ಜೀಪಿನಲ್ಲಿ ಅರ್ಧ ಗಂಟೆ. ನಿಂಗಯ್ಯ ಹೋಗಿ ಇಪ್ಪತ್ತೈದು ನಿಮಿಷ ಕಳೆದಿತ್ತು.

ಅವನ ಮುಖ ಕಂಡು ರಂಗನಾಯಕಿ ಒಂದು ಹೆಜ್ಜೆ ಮುಂದೆ ಬಂದರು.

“ಆ ಪೊಲೀಸಿನವರನ್ನ ಎಲ್ಲಿಗೆ ಕಳಿಸಿದಿರಿ, ಇನ್‌ಸ್ಪೆಕ್ಟರೇ?”